ಕತ್ತರಿ ಹಿಡಿದವನ ಕೇರಿ

ಕೇರಿಗೆ ಬಣ್ಣವೇ ಇಲ್ಲ ಅಂತ ನಮ್ಮ ಚಿತ್ರಕಾರರು ಬಹುಕಾಲದಿಂದ ನಂಬಿಸುತ್ತ ಬಂದಿದ್ದಾರೆ. ಮಸಿ, ಬೂದಿ, ಮಣ್ಣು. ನಡುವೆ ಎದೆ ಬತ್ತಿದ ಒಬ್ಬ ತಾಯಿ. ನೋಡಿದವರು ‘ಅಯ್ಯೋ ಪಾಪ’ ಅಂದು ಕಾಫಿಗೆ ಹೋಗುತ್ತಾರೆ. ನಮ್ಮ ಅವ್ವಂದಿರು ಸಂತೆಯಲ್ಲಿ ಚೌಕಾಸಿ ಮಾಡಿ ತಂದ ಗಿಣಿಹಸುರು ರವಿಕೆ, ಗೋಡೆಯ ಕೆಮ್ಮಣ್ಣು, ಪಟದಲ್ಲಿರುವ ಬಾಬಾಸಾಹೇಬರ ಕೋಟಿನ ನೀಲಿ, ಇವೆಲ್ಲ ಯಾಕೆ ಅವರ ಕಣ್ಣಿಗೆ ಬೀಳಲಿಲ್ಲ?

ಹೀಗೆ ಕೇಳುವ ನಮಗೆ ರೊಮೇರ್ ಬಿಯರ್ಡನ್ ಹತ್ತಿರದವನು. 1911ರಲ್ಲಿ ಅಮೆರಿಕದ ದಕ್ಷಿಣದ ಷಾರ್ಲೆಟ್‌ನಲ್ಲಿ ಹುಟ್ಟಿ, ನ್ಯೂಯಾರ್ಕಿನ ಕರಿಯರ ಕೇರಿ ಹಾರ್ಲೆಮ್ಮಿನಲ್ಲಿ ಬೆಳೆದ. ಹೊಟ್ಟೆಪಾಡಿಗೆ ನಗರದ ಸಮಾಜಸೇವಾ ಇಲಾಖೆಯಲ್ಲಿ ವರ್ಷಾನುಗಟ್ಟಲೆ ದುಡಿದ. 1963ರಲ್ಲಿ ನಾಗರಿಕ ಹಕ್ಕುಗಳ ಹೋರಾಟ ಕಾವೇರಿದ್ದಾಗ ಕರಿಯ ಕಲಾವಿದರು ಸೇರಿ ‘ಸ್ಪೈರಲ್’ ಅನ್ನೋ ಗುಂಪು ಕಟ್ಟಿದರು. ಎಲ್ಲರೂ ಕೂಡಿ ಒಂದು ಕೊಲಾಜ್ ಮಾಡೋಣ ಅಂದ ಬಿಯರ್ಡನ್. ಗೆಳೆಯರಿಗೆ ಅಷ್ಟು ಹಿಡಿಸಲಿಲ್ಲ. ಇವನು ಬಿಡಲಿಲ್ಲ. ಪತ್ರಿಕೆಗಳ ಫೋಟೋ ಕತ್ತರಿಸಿ ಅಂಟಿಸುತ್ತ ಹೋದ.

ಅವನ ಮುಖಗಳನ್ನು ನೋಡಬೇಕು. ಒಂದು ಕಣ್ಣು ಯಾರದೋ, ಇನ್ನೊಂದು ಇನ್ಯಾರದೋ; ಮೂಗು ಆಫ್ರಿಕಾದ ಮರದ ಮುಖವಾಡದ್ದು; ಕೈ ಮಾತ್ರ ಮೈಯ ಅಳತೆ ಮೀರಿದ್ದು. (ದುಡಿಯೋ ಕೈ ದೊಡ್ಡದಾಗದೆ ಇನ್ನೇನಾದೀತು?) ‘ಕರಿಯ’ ಅಂತ ಜಗತ್ತು ಒಂದೇ ಬಣ್ಣ ಬಳಿದ ಮೈಯಲ್ಲಿ ಕಂದು, ಬೂದು, ನೀಲಿ ಎಲ್ಲಾ ಇವೆ.

1971ರ ‘ದಿ ಬ್ಲಾಕ್’ 6 ಹಲಗೆಗಳ, 18 ಅಡಿ ಉದ್ದದ ಕೊಲಾಜ್. ಇರೋದು ಹಾರ್ಲೆಮ್ಮಿನ ಲೆನಾಕ್ಸ್ ಅವೆನ್ಯೂದ ಒಂದೇ ಸಾಲು ಕಟ್ಟಡ. ಚರ್ಚು, ಕ್ಷೌರದಂಗಡಿ, ಮೂಲೆಯ ದಿನಸಿ ಅಂಗಡಿ, ಬೀದಿಗೆ ಬಂದು ಕೂತ ಜನ. ಅಲ್ಲಲ್ಲಿ ಗೋಡೆಯನ್ನೇ ಕಿತ್ತು ಒಳಗನ್ನು ತೋರಿಸಿದ್ದಾನೆ. ಆ ವರ್ಷ ಮ್ಯೂಸಿಯಮ್ಮಿನಲ್ಲಿ ಅದನ್ನು ತೂಗುಹಾಕಿದಾಗ ಬೀದಿಯ ಸದ್ದನ್ನೂ ಟೇಪಿನಲ್ಲಿ ಕೇಳಿಸಿದರು. ನಮ್ಮ ಗುಡಿಸಲೊಳಕ್ಕೂ ಹೊರಗಿನವರು ಇಣುಕಿದ್ದುಂಟು: ಗಣತಿಯವರು, ಓಟು ಕೇಳೋರು, ಕ್ಯಾಮರಾದವರು. ಎಷ್ಟು ಪಾತ್ರೆ, ಎಷ್ಟು ಕೋಳಿ ಅಂತ ಬರಕೊಂಡು ಹೋದರು. ಬಿಯರ್ಡನ್ನನ ಇಣುಕು ಅಂಥದ್ದಲ್ಲ. ಆ ಕೋಣೆಗಳಲ್ಲಿ ಯಾರೂ ಅರ್ಜಿ ಹಿಡಿದು ನಿಂತಿಲ್ಲ. ತಮ್ಮ ಪಾಡಿಗೆ ತಾವು ಬದುಕುತ್ತಿದ್ದಾರೆ.

ಅದಕ್ಕೂ ಹಿಂದಿನ ವರ್ಷ, 1970ರಲ್ಲಿ, ‘ಪ್ಯಾಚ್‌ವರ್ಕ್ ಕ್ವಿಲ್ಟ್’ ಮಾಡಿದ. ಅದರಲ್ಲಿ ಕೌದಿಯನ್ನು ಬಣ್ಣದಲ್ಲಿ ಬರೆಯಲಿಲ್ಲ. ನಿಜವಾದ ಬಟ್ಟೆ ತುಂಡುಗಳನ್ನೇ ಅಂಟಿಸಿ, ಅದರ ಮೇಲೆ ಒಬ್ಬ ಕರಿಯ ಹೆಂಗಸನ್ನು ಮಲಗಿಸಿದ. ಕೌದಿ ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿಗಳು ಆಫ್ರಿಕಾದವರ ಸಂತತಿ. ಅವರ ಹಿರೀಕರಲ್ಲಿ ಬಹಳ ಮಂದಿ ಗುಲಾಮರಾಗಿ ಬಂದಿಳಿದವರು. ಆ ಹೆಂಗಸರು ಹಳೇ ಸೀರೆ, ಅಂಗಿ ಕೂಡಿಸಿ ಇಂದಿಗೂ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ಮಡಚಿದ ಬಟ್ಟೆಯ ಹೂ ಇಡಲೇಬೇಕು. ಇಲ್ಲದಿದ್ದರೆ ಕೌದಿ ಬೆತ್ತಲೆ ಅನ್ನುತ್ತಾರೆ.

ಹಳ್ಳಿ ಶಾಲೆಯ ಮೇಷ್ಟ್ರುಗಳಾದ ಗೆಳೆಯರೇ, ಡ್ರಾಯಿಂಗ್ ಪೀರಿಯಡ್ಡಿನಲ್ಲಿ ತೆಂಗಿನಮರ, ಬೆಟ್ಟ, ಹುಟ್ಟುವ ಸೂರ್ಯ ಸಾಕು. ಹಳೇ ಪೇಪರು, ಕತ್ತರಿ, ಮೈದಾ ಅಂಟು ಕೊಟ್ಟು, ನಿಮ್ಮ ಓಣಿ ಮಾಡಿ ಅನ್ನಿ. ಚುನಾವಣೆಯ ಕರಪತ್ರಗಳಲ್ಲಿ ಬೇಕಾದಷ್ಟು ಬಣ್ಣ ಸಿಗುತ್ತದೆ.