ಕೊನೆಯ ಚೌಕದ ಪಾಠ

ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಈ ಮೂರನ್ನೂ ಇಪ್ಪತ್ತು ವರ್ಷ ತರಗತಿಯಲ್ಲಿ ಬೋಧಿಸಿದವನು ನಾನು. ಒಲೆಯ ಮೇಲಿನ ಪಾಕವೊಂದು ಮಾತ್ರ ನಲವತ್ತಾರು ತುಂಬುವವರೆಗೂ ತಿಳಿದಿರಲಿಲ್ಲ. ಅದನ್ನು ಕಲಿಸಿದ್ದು ಯಾವ ಪಾಕಶಾಸ್ತ್ರವೂ ಅಲ್ಲ. ಹುಡುಗರ ಓದೆಂದು ನಾನು ಹೀಗಳೆಯುತ್ತಿದ್ದ ಚಿತ್ರಕಥೆ.

ನನ್ನಾಕೆಗೆ ಟೋಕಿಯೋದಲ್ಲಿ ಒಂದು ವರ್ಷದ ಕೆಲಸ ದೊರೆಯಿತು. ನಾನು ಸಂಬಳವಿಲ್ಲದ ರಜೆ ಹಾಕಿ ಹಿಂಬಾಲಿಸಿದೆ. ಭಾರತೀಯರು ಬಹಳವಾಗಿರುವ ನಿಶಿಕಸಾಯಿಯಲ್ಲಿ ನಮ್ಮ ಮನೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಆಕೆ ಬರುವುದು ರಾತ್ರಿ ಎಂಟಕ್ಕೆ. ಹೀಗಾಗಿ ಒಲೆ ನನ್ನ ಪಾಲಿಗೆ ಬಂತು. ತೊಗರಿಬೇಳೆ ಅಲ್ಲೂ ಸಿಗುತ್ತದೆ. ಆದರೆ ನನ್ನ ಸಾರನ್ನು ಒಂದು ವಾರ ಸಹಿಸಿದ ಮೇಲೆ ಆಕೆ, "ಇಷ್ಟು ದೂರ ಬಂದೂ ಇದೇ ಸಾರೇನ್ರೀ?" ಎಂದು, ಸಹೋದ್ಯೋಗಿಯೊಬ್ಬರಿಂದ ತಂದ ಪುಸ್ತಕವನ್ನು ಮುಂದಿಟ್ಟಳು.

ಫುಮಿ ಯೊಶಿನಾಗ ಎಂಬ ಲೇಖಕಿ 2007ರಲ್ಲಿ ಆರಂಭಿಸಿದ ಚಿತ್ರಕಥೆಯ ಇಂಗ್ಲಿಷ್ ಅನುವಾದ ಅದು. ಹೆಸರಿನ ಅರ್ಥ 'ನಿನ್ನೆ ಏನು ಉಂಡೆ?' ಕಥಾನಾಯಕ ಶಿರೊ ವಕೀಲ. ಸಂಜೆ ಕಚೇರಿ ಬಿಟ್ಟವನೇ ಅಂಗಡಿಗೆ ಓಡಿ, ಯಾವುದು ಅಗ್ಗವೆಂದು ಹುಡುಕುತ್ತಾನೆ. ಇಡೀ ಕಲ್ಲಂಗಡಿ ಹೆಚ್ಚಾದೀತೆಂದು ಗುರುತಿಲ್ಲದ ಗೃಹಿಣಿಯೊಡನೆ ಅರ್ಧರ್ಧ ಹಂಚಿಕೊಳ್ಳುತ್ತಾನೆ. ಮನೆಯಲ್ಲಿ ಅವನ ಬಾಳಿನ ಜೊತೆಗಾರ ಕೆಂಜಿ, ಕೇಶಾಲಂಕಾರದ ಕಸುಬಿನವನು. ಅಡಿಗೆಗೆ ನಿಂತನೆಂದರೆ ಶಿರೊ ಒಂದೊಂದು ಹೆಜ್ಜೆಯನ್ನೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾನೆ. ಕೈ ಏನು ಮಾಡುತ್ತಿದೆಯೆಂಬುದನ್ನು ಚಿತ್ರ ತೋರಿಸುತ್ತದೆ. ನನ್ನಂಥ ದಡ್ಡನಿಗೆ ಬೇರೆ ಗುರು ಬೇಕೆ?

ಮೊದಲ ದಿನವೇ ಎಡವಟ್ಟಾಯಿತು. ಆ ಪುಸ್ತಕದ ಚೌಕಗಳನ್ನು ಬಲದಿಂದ ಎಡಕ್ಕೆ ಓದಬೇಕು. ನಾನು ನಮ್ಮ ವಾಡಿಕೆಯಂತೆ ಎಡದಿಂದ ಬಲಕ್ಕೆ ಓದಿದೆ. ಸೋಯಾ ಕಾಳನ್ನು ಹುದುಗಿಸಿ ಮಾಡುವ ಮಿಸೊವನ್ನು ಕೊನೆಗೆ ಕದಡಿ ಒಲೆ ಆರಿಸಬೇಕು; ನಾನು ಮೊದಲೇ ಹಾಕಿ ಕೊತಕೊತ ಕುದಿಸಿದೆ. ಪರಿಮಳವೆಲ್ಲ ಆವಿಯಾಯಿತು.

ಮರುದಿನ ಸರಿಯಾಗಿ ಓದಿದೆ. ಅವರ ಕೊಂಬು ನಮ್ಮ ಕೊಂಬಲ್ಲ, ಒಣಗಿಸಿದ ಕಡಲಪಾಚಿ. ಅದನ್ನು ತಣ್ಣೀರಿನಲ್ಲಿ ನೆನೆಸಿ, ಸಣ್ಣ ಉರಿಯಲ್ಲಿಟ್ಟು, ಕುದಿ ಬರುವ ಮುನ್ನ ತೆಗೆದರೆ ಸಾರಿಗೆ ತಿಳಿ ಸಿದ್ಧ. ಒಣಮೀನಿನ ಚೂರಿಗೆ ಬದಲಾಗಿ ನಾವು ಒಣ ಅಣಬೆ ಹಾಕುತ್ತಿದ್ದೆವು. ಅಲ್ಲಿನ ಗೃಹಿಣಿಯರ ಬಾಯಿಪಾಠವೊಂದನ್ನೂ ಕಲಿತೆ: ಸ, ಶಿ, ಸು, ಸೆ, ಸೊ. ಮೊದಲು ಸಕ್ಕರೆ, ಆಮೇಲೆ ಉಪ್ಪು, ಹುಳಿನೀರು, ಸೋಯಾ ರಸ, ಕೊನೆಗೆ ಮಿಸೊ. ಅವರ ಅಕ್ಷರಮಾಲೆಯ ಈ ಅನುಕ್ರಮ ಬೌದ್ಧಗ್ರಂಥಗಳೊಡನೆ ಹೋದ ಸಂಸ್ಕೃತದ ಅಕ್ಷರಾಭ್ಯಾಸದಿಂದ ಬಂದದ್ದು. ಕಾಗುಣಿತವೇ ಅಡಿಗೆಮನೆ ಹೊಕ್ಕಿತೆಂದು ಮೇಷ್ಟರಿಗೆ ಹಿಗ್ಗೋ ಹಿಗ್ಗು!

ಎರಡು ತಿಂಗಳಲ್ಲಿ ಕೈ ಪಳಗಿತು. ಒಂದು ರಾತ್ರಿ ಬಿಸಿ ಅನ್ನ, ಮಿಸೊ ಸಾರು, ಬೇಯಿಸಿ ಹಿಂಡಿದ ಪಾಲಕ್ ಸೊಪ್ಪು, ಮೆತ್ತಗೆ ಬೆಂದ ಮೂಲಂಗಿ, ಎಲ್ಲವೂ ಹದವಾಗಿ ಬಂದವು. ದಣಿದು ಬಂದ ಆಕೆ ಮೌನವಾಗಿ ಉಂಡಳು. ನಾನು ಎದುರಿಗೆ ಕುಳಿತು ಕಾದೆ. ಒಂದು ಮಾತೂ ಬರಲಿಲ್ಲ. ಕೈತೊಳೆದು ಹೋಗಿ ಮಲಗಿದಳು.

ಪಾತ್ರೆ ತೊಳೆಯುವಾಗ ನನಗೆ ಸಿಟ್ಟು ಬಂತು. ಮನಸ್ಸು ತಿರುಗಲೆಂದು ಪುಸ್ತಕ ತೆರೆದೆ. ಅದುವರೆಗೆ ಅಡಿಗೆ ಮುಗಿದಲ್ಲಿಗೇ ಓದು ನಿಲ್ಲಿಸುತ್ತಿದ್ದೆ. ಮುಂದಿನ ಚೌಕಗಳಲ್ಲಿ ಕೆಂಜಿ ಊಟಕ್ಕೆ ಕೂರುತ್ತಾನೆ. ಮೊದಲ ತುತ್ತಿಗೇ ಅವನ ಮುಖ ಅರಳುತ್ತದೆ. ಇದು ರುಚಿ, ಅದು ರುಚಿ ಎಂದು ಹೇಳುತ್ತಾನೆ. ಕಥೆಯಿಂದ ಕಥೆಗೆ ಇದೇ.

ಇಪ್ಪತ್ತು ವರ್ಷ ಆಕೆಯೂ ಕೆಲಸದಿಂದ ಬಂದು, ಬೇಯಿಸಿ, ಬಡಿಸಿ, ಎದುರಿಗೆ ಕುಳಿತಿದ್ದಳು. ನಾನು ಪತ್ರಿಕೆ ನೋಡುತ್ತ ಉಂಡು, ಉಪ್ಪು ಕಡಿಮೆಯಾದ ದಿನ ಮಾತ್ರ ಬಾಯಿ ತೆರೆದಿದ್ದೆ.

ಒಳಗೆ ಹೋಗಿ, "ಊರಲ್ಲಿ ನೀನು ಮಾಡುತ್ತಿದ್ದ ಸಾರು ಬಹಳ ಚೆನ್ನಾಗಿರುತ್ತಿತ್ತು ಕಣೇ" ಎಂದೆ.

ನಿದ್ದೆಗಣ್ಣಿನಲ್ಲೇ ಆಕೆ, "ಯಾವತ್ತಿನ ಸಾರು?" ಎಂದಳು.

ನೆನಪಿಸಿಕೊಳ್ಳಲು ನೋಡಿದೆ. ಒಂದು ದಿನದ್ದೂ ನೆನಪಾಗಲಿಲ್ಲ.