ತಾರೀಖು ಕೇಳದ ನೋವು

ಸಿಸೇರಿಯನ್ ಗಾಯದ ಎಡತುದಿಯಲ್ಲಿ ಹುಣಸೆಬೀಜದಷ್ಟು ಗಂಟು. ಪರಿಚಿತ ಹೆಂಗಸೊಬ್ಬರು ಬೆರಳಿಟ್ಟು ತೋರಿಸಿದರು. ತಿಂಗಳಲ್ಲಿ ಮೂರು-ನಾಲ್ಕು ದಿನ ಲಂಗದ ಲಾಡಿ ತಗುಲಿದರೂ ಜೀವ ಹೋಗುವಷ್ಟು ನೋವು, ಉಳಿದ ದಿನ ಅದರ ನೆನಪೂ ಇರುವುದಿಲ್ಲ. ಒಬ್ಬ ಡಾಕ್ಟರು ಹರ್ನಿಯಾ ಅಂದರಂತೆ, ಇನ್ನೊಬ್ಬರು ಒಳಗುಳಿದ ಹೊಲಿಗೆ ದಾರದ ಸುತ್ತ ಕಟ್ಟಿದ ಗಂಟು ಅಂದರಂತೆ. ಎರಡೂ ಆಗಬಹುದಾದದ್ದೇ. ಆದರೆ ಹರ್ನಿಯಾ ಮುಟ್ಟಿನ ದಿನ ನೋಡಿಕೊಂಡು ನೋಯುತ್ತದೆಯೇ?

*

ಅದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊರಗೆಲ್ಲೋ ಬೇರೂರಿ, ತಿಂಗಳ ಹಾರ್ಮೋನಿಗೆ ಓಗೊಡುತ್ತದೆ. ಹೆರುವ ವಯಸ್ಸಿನವರಲ್ಲಿ ಸುಮಾರು ಶೇ. 10 ಮಂದಿಗೆ ಈ ಕಾಯಿಲೆಯಿದೆ. ಬಹುಪಾಲು ಕಿಬ್ಬೊಟ್ಟೆಯೊಳಗೇ ಇರುತ್ತದೆ. ಅಲ್ಲಿಂದಾಚೆ ಕಾಣಿಸಿಕೊಳ್ಳುವುದು ಅಪರೂಪ: ಆಪರೇಷನ್ ಗಾಯ, ಹೊಕ್ಕುಳು, ಎದೆ-ಹೊಟ್ಟೆಗಳ ನಡುವಿನ ವಪೆ, ಶ್ವಾಸಕೋಶ. ಹೊಕ್ಕುಳಿನದಕ್ಕೆ ವಿಲ್ಲಾರ್ ಗಂಟು ಎನ್ನುತ್ತಾರೆ, 1886ರಲ್ಲಿ ವಿಲ್ಲಾರ್ ವಿವರಿಸಿದ್ದರಿಂದ. ತಿಂಗಳಿಗೊಮ್ಮೆ ಹೊಕ್ಕುಳಲ್ಲಿ ರಕ್ತ ಒಸರಿದರೆ ಹುಡುಗಿಯೊಬ್ಬಳು ಅದನ್ನು ಯಾರ ಹತ್ತಿರ ಹೇಳಿಕೊಂಡಾಳು?

*

ಎದೆಯದ್ದು ಇನ್ನೂ ವಿಚಿತ್ರ. ಮುಟ್ಟು ಶುರುವಾದ ಮೇಲೆ ಸಾಮಾನ್ಯವಾಗಿ 72 ಗಂಟೆಗಳೊಳಗೆ ಶ್ವಾಸಕೋಶದ ಸುತ್ತ ಗಾಳಿ ಸೇರಿ ಅದು ಕುಸಿಯುತ್ತದೆ. ಹೆಗಲು ನೋಯುತ್ತದೆ, ಉಸಿರು ಸಿಕ್ಕುವುದಿಲ್ಲ. 1958ರಲ್ಲಿ ಮೌರರ್ ಮತ್ತು ಸಂಗಡಿಗರು ಇದನ್ನು ವರದಿ ಮಾಡಿದರು. ಹತ್ತರಲ್ಲಿ ಒಂಬತ್ತು ಸಲ ಬಲಗಡೆಯೇ. ಯಾಕೆ ಬಲಗಡೆ? ಹೊಟ್ಟೆಯೊಳಗಿನ ದ್ರವ ಬಲಪಕ್ಕದಿಂದ ಮೇಲೇರಿ ಯಕೃತ್ತಿನ ಮೇಲ್ಗಡೆ ವಪೆಗೆ ತಾಗುತ್ತದಂತೆ. ಅದರ ಜೊತೆ ಹೋದ ಕಣಗಳು ಅಲ್ಲಿ ನೆಲೆಯೂರಿ ವಪೆಯಲ್ಲಿ ಸಣ್ಣ ಸಣ್ಣ ತೂತು ಬೀಳುತ್ತವೆ. ಮುಟ್ಟಿನ ರಕ್ತ ಅಂಡನಾಳಗಳ ಮೂಲಕ ಹಿಂದಕ್ಕೂ ಹರಿಯುತ್ತದೆ ಎಂದು 1920ರ ದಶಕದಲ್ಲಿ ಸ್ಯಾಂಪ್ಸನ್ ಹೇಳಿದ್ದಕ್ಕೆ ಇದು ಹೊಂದುತ್ತದೆ. ಆದರೆ ಹಾಗೆ ಹಿಂದಕ್ಕೆ ಹರಿಯುವುದು ಬಹುತೇಕ ಎಲ್ಲ ಹೆಂಗಸರಲ್ಲೂ ಉಂಟು. ಕಾಯಿಲೆ ಮಾತ್ರ ಕೆಲವರಿಗೇ ಯಾಕೆ? ಶ್ವಾಸಕೋಶದ ಒಳಮಾಂಸದಲ್ಲೇ ಕಾಣುವ ಕಲೆಗಳಿಗೆ ವಪೆಯ ತೂತಿನ ಲೆಕ್ಕ ಸಾಲದು. ರಕ್ತನಾಳದ ದಾರಿ ಹೇಳುತ್ತಾರೆ. ನನಗೆ ಇದು ಪೂರ್ತಿ ಬಗೆಹರಿದಿಲ್ಲ.

*

ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಕೇಳುತ್ತಾರೆ: "ಕೊನೇ ಸಲ ಮುಟ್ಟಾಗಿದ್ದು ಯಾವಾಗಮ್ಮಾ?" ಬಸುರಿಯಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ತಾರೀಖು ಚೀಟಿಯ ಮೇಲೆ ಬೀಳುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಅದೇ ಚೀಟಿ ಎದೆಯ ಡಾಕ್ಟರ ಮೇಜಿಗೆ ಹೋದಾಗ ಆ ಸಾಲನ್ನು ಯಾರೂ ಓದದಿದ್ದರೆ ನನಗೆ ಸಂಕಟವಾಗುತ್ತದೆ. ಕಾಯಿಲೆಯ ಹೆಸರಿಗೆ ದಾರಿ ತೋರುವುದು ಎಷ್ಟೋ ಸಲ ಅದೊಂದೇ ಸಾಲು.

*

ಕಫದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲು ಟಿಬಿ ನೋಡಬೇಕು, ಅದರಲ್ಲಿ ಎರಡು ಮಾತಿಲ್ಲ. ಕಫದಲ್ಲಿ ಟಿಬಿ ಸಿಗದೆ, ರಕ್ತ ಮಾತ್ರ ತಿಂಗಳ ಲೆಕ್ಕಕ್ಕೇ ಬರುತ್ತಿದ್ದರೆ? ಶ್ವಾಸಕೋಶದ ಆ ಕಲೆಗಳ ಗುಮಾನಿ ಬರಬೇಕು. ಮುಟ್ಟಿನ ದಿನಗಳಲ್ಲಿ ಒಮ್ಮೆ, ನಡುತಿಂಗಳಲ್ಲಿ ಇನ್ನೊಮ್ಮೆ ಸಿಟಿ ಸ್ಕ್ಯಾನ್ ಮಾಡಿ ಹೋಲಿಸುವುದುಂಟು. ಮುಟ್ಟಿನಲ್ಲಿ ಕಂಡ ಕಲೆ ನಡುತಿಂಗಳಲ್ಲಿ ಕುಗ್ಗಿರಬಹುದು, ಮಾಯವೇ ಆಗಿರಬಹುದು. ನಡುತಿಂಗಳದ್ದೊಂದನ್ನೇ ತೆಗೆದಿದ್ದರೆ "ನಾರ್ಮಲ್" ಎಂದು ಬರೆದು ಮನೆಗೆ ಕಳಿಸುತ್ತಿದ್ದರು. ಸಿಎ-125 ಎಂಬ ರಕ್ತಪರೀಕ್ಷೆಯಿಂದ ಇದು ತೀರ್ಮಾನವಾಗುವುದಿಲ್ಲ. ವಪೆಗೆ, ಗಾಯದ ಗಂಟಿಗೆ ಎಂಆರ್‌ಐ ನೆರವಾಗುತ್ತದೆ. ಖಚಿತವಾಗುವುದು ತುಣುಕು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದಾಗ.

*

ಗಾಯದ ಗಂಟು ಬರೀ ಮಾತ್ರೆಗೆ ಕರಗುವುದು ಕಡಿಮೆ. ಸುತ್ತಲಿನ ಸುಮಾರು ಒಂದು ಸೆಂಟಿಮೀಟರ್ ಒಳ್ಳೆಯ ಮಾಂಸವನ್ನೂ ಸೇರಿಸಿ ಕತ್ತರಿಸುತ್ತಾರೆ. ಹೊಟ್ಟೆಯ ಗೋಡೆಯಲ್ಲಿ ದೊಡ್ಡ ಎಡೆ ಉಳಿದರೆ ಮೆಶ್ ಹಾಕುತ್ತಾರೆ. ಆ ಪರಿಚಿತರಿಗೆ ಆದದ್ದು ಇದೇ. ಮರುತಿಂಗಳು ನೋವಿಲ್ಲದ ಮುಟ್ಟು ಕಂಡು ಅತ್ತರಂತೆ.

ಎದೆಯದ್ದಕ್ಕೆ ಒಬ್ಬ ಡಾಕ್ಟರು ಸಾಲದು. ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಕಲೆಗಳನ್ನು ತೆಗೆದು ವಪೆಯ ತೂತು ಮುಚ್ಚುವವರು ಎದೆಯ ಸರ್ಜನ್. ಆಮೇಲೆ ಡೈನೋಜೆಸ್ಟ್‌ನಂಥ ಮಾತ್ರೆಯನ್ನೋ ಅಂಡಾಶಯವನ್ನು ಸುಮ್ಮನಾಗಿಸುವ ಇಂಜೆಕ್ಷನನ್ನೋ ಕೊಟ್ಟು ಕಾಯುವವರು ಸ್ತ್ರೀರೋಗ ತಜ್ಞರು. ಇಷ್ಟಾದರೂ ಮರುಕಳಿಸಬಹುದು.

*

ಈ ಔಷಧಿಗಳು ನಡೆಯುತ್ತಿರುವಷ್ಟು ದಿನ ಬಸುರಾಗುವಂತಿಲ್ಲ. ಮಗು ಬೇಕೆನ್ನುವವಳು ನಿಲ್ಲಿಸಬೇಕು, ನಿಲ್ಲಿಸಿದರೆ ಮುಟ್ಟು ಮರಳುತ್ತದೆ, ಅದರ ಜೊತೆ ಎದೆಯ ಭಯವೂ. ಎಷ್ಟು ತಿಂಗಳು ಕಾಯುವುದು, ಯಾವಾಗ ನಿಲ್ಲಿಸುವುದು? ಇದನ್ನು ಅವಳು, ಸರ್ಜನ್, ಸ್ತ್ರೀರೋಗ ತಜ್ಞರು ಒಂದೇ ದಿನ ಒಂದೇ ಕೋಣೆಯಲ್ಲಿ ಕೂತು ಮಾತಾಡುವ ವ್ಯವಸ್ಥೆ ನಮ್ಮ ಜಿಲ್ಲಾ ಊರುಗಳಿಗೆ ಯಾವಾಗ ಬಂದೀತು?