ಹುಳಿತೇಗಿನ ಗುಳಿಗೆಯ ಪದಚ್ಛೇದ

ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಊಟವಾದ ಮೇಲಿನ ಸಂಕಟ, ಇವೆಲ್ಲವನ್ನೂ ಒಟ್ಟುಗೂಡಿಸಿ 'ಗ್ಯಾಸ್' ಎಂದು ಕರೆಯುವ ರೂಢಿ ನಮ್ಮ ಮನೆಗಳಲ್ಲಿ ಬೇರೂರಿದೆ. ಬೇನೆಗೆ ಒಂದೇ ಹೆಸರಾದ ಬಳಿಕ ಮದ್ದಿಗೂ ಒಂದೇ ಹೆಸರಾಯಿತು. ಲಗ್ನದ ಊಟವಿರಲಿ, ಜಾತ್ರೆಯ ಮಿರ್ಚಿ ಭಜಿಯಿರಲಿ, ಔಷಧದ ಅಂಗಡಿಯ ಮುಂದೆ ನಿಂತು "ಗ್ಯಾಸಿನ ಗುಳಿಗಿ ಕೊಡ್ರಿ" ಎಂದರೆ ಸಾಕು, ಒಂದು ಸ್ಟ್ರಿಪ್ ಕೈಗೆ ಬರುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಎಚ್ಚರಿಕೆ ಆ ಸ್ಟ್ರಿಪ್ಪಿನ ಮೇಲೆಯೇ ಅಚ್ಚಾಗಿರುತ್ತದೆ. ಕೊಡುವವನೂ ಓದುವುದಿಲ್ಲ, ಕೊಳ್ಳುವವನೂ ಓದುವುದಿಲ್ಲ.

ಮಠದ ಪಾಠಶಾಲೆಯಲ್ಲಿ ವ್ಯಾಕರಣ ಕಲಿತವರಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಸಮಾಸಪದ ಕಂಡೊಡನೆ ಅದನ್ನು ಬಿಡಿಸದೆ ಮುಂದೆ ಹೋಗಲಾರರು. ಮೂರು ವರ್ಷಗಳ ಹಿಂದೆ ನನಗೂ ಎದೆಯುರಿ ಕಾಣಿಸಿಕೊಂಡು ವೈದ್ಯರು ಈ ಕ್ಯಾಪ್ಸೂಲನ್ನು ಒಂದು ವಾರಕ್ಕೆಂದು ಬರೆದುಕೊಟ್ಟಾಗ, ಕನ್ನಡಕ ಹಾಕಿಕೊಂಡು ಅದರ ಬೆನ್ನಿನ ಸಣ್ಣಕ್ಷರಗಳನ್ನು ಓದಿದೆ. ಅದು ದ್ವಂದ್ವ ಸಮಾಸ. ಒಂದು ಹೆಸರಿನೊಳಗೆ ಎರಡು ಔಷಧಗಳು: ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ, ಡೊಂಪೆರಿಡೋನ್ 30 ಮಿಲಿಗ್ರಾಂ. ಬೇರೆ ಕಂಪನಿಗಳ ಮಾಲಿನಲ್ಲಿ ಮೊದಲನೆಯದರ ಬದಲು ಒಮೆಪ್ರಜೋಲ್ ಅಥವಾ ರಾಬೆಪ್ರಜೋಲ್ ಇರುವುದುಂಟು. ವ್ಯಾಪಾರದ ಹೆಸರಿನ ಕೊನೆಯಲ್ಲಿ ಬರುವ 'ಡಿ' ಎಂಬ ಒಂದಕ್ಷರವೇ ಸಾಮಾನ್ಯವಾಗಿ ಎರಡನೆಯ ಔಷಧದ ಗುರುತು. ಆ ಒಂದಕ್ಷರದಲ್ಲಿಯೇ ಎಚ್ಚರಿಕೆಯ ಬಹುಪಾಲು ಅಡಗಿದೆಯಾದ್ದರಿಂದ ಇಷ್ಟು ವಿವರಿಸುತ್ತಿದ್ದೇನೆ.

ಮೊದಲನೆಯ ಔಷಧದ ಕೆಲಸ ಹೀಗಿದೆ. ಜಠರದ ಗೋಡೆಯಲ್ಲಿ ಆಮ್ಲವನ್ನು ಸ್ರವಿಸುವ ಜೀವಕೋಶಗಳಿದ್ದು, ಅವುಗಳಲ್ಲಿ ಆಮ್ಲವನ್ನು ಹೊರಗೆ ನೂಕುವ ಸೂಕ್ಷ್ಮ ಪಂಪುಗಳಿವೆ. ನಾವು ಉಣ್ಣಲು ಕುಳಿತಾಗ ಆ ಪಂಪುಗಳು ಎಚ್ಚರಗೊಳ್ಳುತ್ತವೆ. ಔಷಧವು ದುಡಿಯುತ್ತಿರುವ ಪಂಪುಗಳನ್ನು ಮಾತ್ರ ಹಿಡಿದು ನಿಲ್ಲಿಸಬಲ್ಲುದು; ರಕ್ತದಲ್ಲಿ ಅದು ಉಳಿಯುವುದೂ ಕೆಲವೇ ಗಂಟೆ. ಹೀಗಾಗಿ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಅದರ ಗುಣ ಪೂರ್ತಿ ದೊರೆಯುತ್ತದೆ. ಉಂಡು ಉರಿ ಹತ್ತಿದ ಮೇಲೆ ನುಂಗಿ, "ಇದು ನಾಟುವುದಿಲ್ಲ" ಎಂದು ಇನ್ನೊಂದನ್ನು ನುಂಗುವವರನ್ನು ನಾನು ಕಂಡಿದ್ದೇನೆ. ಪೂರ್ಣ ಪರಿಣಾಮಕ್ಕೆ ಮೂರು ನಾಲ್ಕು ದಿನಗಳೇ ಬೇಕು. ಆ ಗಳಿಗೆಯ ಉರಿಯನ್ನು ಆರಿಸುವ ಮದ್ದು ಅದಲ್ಲ.

ಇಲ್ಲಿ ನಮ್ಮ ಹಿರಿಯರು ಕೇಳುವ ಪ್ರಶ್ನೆಯೊಂದಿದೆ. ಇಷ್ಟಲಿಂಗ ಪೂಜೆ ಮುಗಿಯುವವರೆಗೆ ನೀರನ್ನೂ ಮುಟ್ಟದ ನೇಮ ಹಲವರದು. ಬೆಳಗಿನ ಗುಳಿಗೆ ನುಂಗಬೇಕೆಂದರೆ ನೇಮವೇನಾಗಬೇಕು? ನನ್ನ ಅಕ್ಕನೂ ಇದನ್ನೇ ಕೇಳಿದಳು: "ಏ ತಮ್ಮಾ, ಪೂಜಿಗಿಂತ ಮೊದಲ ನೀರು ಕುಡದು ಗುಳಿಗಿ ನುಂಗು ಅಂತೀಯೇನು?" ನೇಮ ಮುರಿಯಬೇಕಾದ ಪ್ರಮೇಯವೇ ಇಲ್ಲ. ಪೂಜೆ ಮುಗಿಸಿ, ಒಂದು ಲೋಟ ನೀರಿನೊಡನೆ ಗುಳಿಗೆ ನುಂಗಿ, ಅರ್ಧ ತಾಸು ಕಳೆದು ಪ್ರಸಾದ ಸ್ವೀಕರಿಸಿದರೆ ವೈದ್ಯರ ಮಾತೂ ಉಳಿಯಿತು, ನೇಮವೂ ಉಳಿಯಿತು. ಆ ಅರ್ಧ ತಾಸಿನಲ್ಲಿ ಚಹಾ ಮಾತ್ರ ಬೇಡ.

ಇನ್ನೊಂದು ಸಂಗತಿ ಶಾಕಾಹಾರಿಗಳಾದ ನಮಗೆ ಸಂಬಂಧಿಸಿದ್ದು. ಕ್ಯಾಪ್ಸೂಲಿನ ಕವಚ ಬಹುಮಟ್ಟಿಗೆ ಜೆಲಾಟಿನ್ನಿನಿಂದಾದುದು. ಜೆಲಾಟಿನ್ ತಯಾರಾಗುವುದು ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ. ಇದನ್ನು ತಿಳಿದ ಒಂದು ಮನೆಯವರು ಕವಚವನ್ನು ಬಿಚ್ಚಿ, ಒಳಗಿನ ಕಾಳುಗಳನ್ನು ಅರೆದು, ಬೆಲ್ಲದ ನೀರಿನಲ್ಲಿ ಕದಡಿ ಕುಡಿಯುತ್ತಿದ್ದರು. ಅವರ ಶ್ರದ್ಧೆ ದೊಡ್ಡದು, ಆದರೆ ಔಷಧ ವ್ಯರ್ಥವಾಯಿತು. ಆ ಕಾಳುಗಳ ಮೇಲೆ ಜಠರದ ಆಮ್ಲ ತಾಗದಂತೆ ಒಂದು ಲೇಪವಿರುತ್ತದೆ; ಅರೆದರೆ ಆಮ್ಲವೇ ಆ ಔಷಧವನ್ನು ಹಾಳುಗೆಡವುತ್ತದೆ. ಡೊಂಪೆರಿಡೋನನ್ನು ನಿಧಾನವಾಗಿ ಬಿಡುಗಡೆಯಾಗುವಂತೆ ಕಟ್ಟಿರುತ್ತಾರಾದ್ದರಿಂದ ಅರೆದಾಗ ದಿನದ ಪ್ರಮಾಣವೆಲ್ಲ ಒಮ್ಮೆಲೇ ಮೈಗೆ ಸೇರುವ ಅಪಾಯವೂ ಉಂಟು. ಜೆಲಾಟಿನ್ ಬೇಡವೆನ್ನುವವರು ವೈದ್ಯರಿಗೆ ಹಾಗೆಂದು ಹೇಳಿದರಾಯಿತು; ಪ್ಯಾಂಟೊಪ್ರಜೋಲ್ ಮಾತ್ರೆಯ ರೂಪದಲ್ಲಿಯೂ ದೊರೆಯುತ್ತದೆ. ಆ ಮಾತ್ರೆಯನ್ನೂ ಮುರಿಯದೆ, ಅಗಿಯದೆ ನುಂಗತಕ್ಕದ್ದು.

ಇನ್ನು ಎರಡನೆಯ ಪದ. ಡೊಂಪೆರಿಡೋನ್ ವಾಂತಿ, ಓಕರಿಕೆಗಳನ್ನು ತಡೆದು, ಜಠರದ ಆಹಾರ ಬೇಗ ಕೆಳಗಿಳಿಯುವಂತೆ ಮಾಡುತ್ತದೆ. ಆಮ್ಲವನ್ನು ಕಡಿಮೆ ಮಾಡುವ ಶಕ್ತಿ ಅದಕ್ಕಿಲ್ಲ. ಹುಣ್ಣನ್ನು ಮಾಯಿಸುವ ಶಕ್ತಿಯೂ ಇಲ್ಲ. ಆದರೆ ಹೃದಯದ ಬಡಿತದ ಲಯವನ್ನು ಕೆಡಿಸುವ ದೋಷವೊಂದು ಅದರಲ್ಲಿದೆ. ಬಹಳ ಜನರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಪ್ರಾಣಾಪಾಯವೇ ಆಗಬಹುದು. ಯುರೋಪಿನ ಔಷಧ ನಿಯಂತ್ರಕರು 2014ರಲ್ಲಿ ಇದನ್ನು ಪರಾಮರ್ಶಿಸಿ, ಓಕರಿಕೆ ಮತ್ತು ವಾಂತಿಗೆ ಮಾತ್ರ, ಒಂದು ಸಲಕ್ಕೆ 10 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲದವರೆಗೆ, ಸಾಮಾನ್ಯವಾಗಿ ಒಂದು ವಾರ ಮೀರದಂತೆ ಬಳಸಬೇಕೆಂದರು. ಎದೆಯುರಿಗೆ, ಹೊಟ್ಟೆಯುಬ್ಬರಕ್ಕೆ ಇದನ್ನು ಕೊಡಕೂಡದೆಂದರು. ಅಮೆರಿಕದಲ್ಲಿ ಮನುಷ್ಯರ ಬಳಕೆಗೆ ಇದರ ಮಾರಾಟಕ್ಕೆ ಅನುಮತಿಯೇ ದೊರೆತಿಲ್ಲ. ನಮ್ಮಲ್ಲಿ ಎದೆಯುರಿಗೆಂದೇ ತಿಂಗಳುಗಟ್ಟಲೆ ನುಂಗುತ್ತಾರೆ. ಅರವತ್ತು ದಾಟಿದವರು, ಹೃದಯರೋಗಿಗಳು, ಯಕೃತ್ತಿನ ತೊಂದರೆಯುಳ್ಳವರು, ಇವರಿಗೆ ಅಪಾಯ ಹೆಚ್ಚು. ಅರವತ್ತು ದಾಟಿದವರ ಸಾಲಿನಲ್ಲಿ ನಾನೂ ಇದ್ದೇನಾದ್ದರಿಂದ, ವಾರ ಕಳೆದ ಮೇಲೆ ನನ್ನ ವೈದ್ಯರು 'ಡಿ' ಇಲ್ಲದ ಮಾತ್ರೆಗೆ ಬದಲಿಸಿದರು.

(ಎರಡನೆಯ ಪದವಾಗಿ ಕೆಲವು ಕ್ಯಾಪ್ಸೂಲುಗಳಲ್ಲಿ ಲೆವೊಸಲ್ಪಿರೈಡ್ ಎಂಬುದಿರುತ್ತದೆ. ಅದರಿಂದ ವೃದ್ಧರಿಗೆ ಕೈನಡುಕ ಬರುವುದುಂಟು. ಹೊಸದಾಗಿ ಕೈ ನಡುಗತೊಡಗಿದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗದೆ, ನುಂಗುತ್ತಿರುವ ಗುಳಿಗೆಗಳನ್ನೆಲ್ಲ ವೈದ್ಯರಿಗೆ ತೋರಿಸಬೇಕು.)

ಹುಣ್ಣಿನ ವಿಷಯಕ್ಕೆ ಬರುತ್ತೇನೆ. ಹೊಟ್ಟೆಯ ಹುಣ್ಣಿಗೆ ಖಾರವೇ ಕಾರಣವೆಂದು ಉತ್ತರ ಕರ್ನಾಟಕದ ನಾವೆಲ್ಲ ನಂಬಿದವರು. ರಂಜಕ, ಕೆಂಪು ಚಟ್ನಿಗಳ ಮೇಲೆ ಎಷ್ಟು ಅಪವಾದ ಹೊರಿಸಿದ್ದೇವೆಯೋ! ಖಾರದಿಂದ ಉರಿ ಹೆಚ್ಚಬಹುದು. ಹುಣ್ಣಿನ ಮುಖ್ಯ ಕಾರಣಗಳು ಬೇರೆ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು 1982ರಲ್ಲಿ ಜಠರದೊಳಗೆ ಬದುಕುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣುವನ್ನು ಬೆಳೆಸಿ ತೋರಿಸಿದರು. ಲೋಕ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ರೋಗಾಣುವಿನ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ತುತ್ತಾದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. ಎರಡನೆಯ ಕಾರಣ ಡೈಕ್ಲೋಫಿನಾಕ್, ಐಬುಪ್ರೊಫೇನ್, ಆಸ್ಪಿರಿನ್ ಮೊದಲಾದ ನೋವಿನ ಗುಳಿಗೆಗಳು.

ನನ್ನ ಅಕ್ಕನಿಗೆ ಎರಡೂ ಕಾರಣಗಳು ಕೂಡಿಬಂದಿದ್ದವು. ಆಕೆಗೆ ಎಪ್ಪತ್ತೆರಡು ವರ್ಷ. ಮೊಣಕಾಲು ನೋವಿಗೆಂದು ಡೈಕ್ಲೋಫಿನಾಕ್ ಗುಳಿಗೆಯನ್ನು ದಿನಕ್ಕೆ ಎರಡು ಸಲ, ಅದರಿಂದ ಹೊಟ್ಟೆ ಉರಿಯುತ್ತದೆಂದು 'ಡಿ' ಕ್ಯಾಪ್ಸೂಲನ್ನು ದಿನಕ್ಕೆ ಒಂದು, ಹೀಗೆ ಎಂಟು ತಿಂಗಳು ನುಂಗಿದಳು. ಎರಡನ್ನೂ ಅಂಗಡಿಯಿಂದಲೇ ತರಿಸುತ್ತಿದ್ದಳು. ಕ್ಯಾಪ್ಸೂಲು ಉರಿಯನ್ನು ತಗ್ಗಿಸಿತ್ತು. ಒಳಗೆ ಹುಣ್ಣು ಬೆಳೆಯುತ್ತಿರುವುದು ಯಾರಿಗೂ ತಿಳಿಯಲಿಲ್ಲ. ಕಳೆದ ಶ್ರಾವಣದಲ್ಲಿ ಆಕೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಮಲ ಕಪ್ಪಾಗಿದೆಯೆಂದು ಸೊಸೆಗೆ ಹೇಳಿದಾಗ, ಕಬ್ಬಿಣಾಂಶದ ಗುಳಿಗೆಯಿಂದ ಹಾಗಾಗುತ್ತದೆಂದು ಮನೆಯವರು ಸಮಾಧಾನ ಹೇಳಿದರು. ಆ ಗುಳಿಗೆಯಿಂದಲೂ ಮಲ ಕಪ್ಪಾಗುವುದು ದಿಟ. ರಕ್ತ ಬೆರೆತ ಮಲವಾದರೋ ಡಾಂಬರಿನಂತೆ ಅಂಟಂಟಾಗಿ, ವಿಪರೀತ ದುರ್ವಾಸನೆಯಿಂದ ಕೂಡಿರುತ್ತದೆ. ನಾಲ್ಕನೆಯ ದಿನ ಆಕೆ ಬಚ್ಚಲಲ್ಲಿ ತಲೆಸುತ್ತಿ ಕುಳಿತುಬಿಟ್ಟಳು. ಹುಬ್ಬಳ್ಳಿಗೆ ಕರೆದೊಯ್ದಾಗ ರಕ್ತದಲ್ಲಿ ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು ಕಂಡಿತು. ಅಲ್ಲಿಂದ ತೆಗೆದ ಚೂರಿನಲ್ಲಿ ರೋಗಾಣುವೂ ಸಿಕ್ಕಿತು. ಕ್ಯಾನ್ಸರಿನ ಗುರುತಿರಲಿಲ್ಲ. ಹುಣ್ಣಿನಿಂದ ರಕ್ತ ಸೋರುತ್ತಿರುವವರಿಗೆ ಡೊಂಪೆರಿಡೋನ್ ಕೊಡಲೇಬಾರದು ಎಂಬುದು ನಮಗೆ ಗೊತ್ತಾದದ್ದು ಅಲ್ಲಿಯೇ.

ರಕ್ತ ಕೊಟ್ಟು, ಐದು ದಿನ ಇಟ್ಟುಕೊಂಡು, ರೋಗಾಣುವಿನ ನಾಶಕ್ಕೆ ಹದಿನಾಲ್ಕು ದಿನಗಳ ಔಷಧದ ಕಿಟ್ ಬರೆದು ಮನೆಗೆ ಕಳುಹಿಸಿದರು. ಅದರಲ್ಲಿ ಕ್ಲಾರಿಥ್ರೊಮೈಸಿನ್, ಅಮಾಕ್ಸಿಸಿಲಿನ್ ಎಂಬ ಎರಡು ಆ್ಯಂಟಿಬಯಾಟಿಕ್‌ಗಳೂ ಆಮ್ಲ ತಗ್ಗಿಸುವ ಒಂದು ಔಷಧವೂ ಇದ್ದವು. ಅಕ್ಕ ಮನೆಗೆ ಬಂದವಳೇ ಹಳೆಯ ಕ್ಯಾಪ್ಸೂಲನ್ನೂ ಜೊತೆಗೆ ತೆಗೆದಿಟ್ಟುಕೊಂಡಳು. ಅದೂ ಹೊಟ್ಟೆಯದೇ, ಇದೂ ಹೊಟ್ಟೆಯದೇ ಎಂಬುದು ಆಕೆಯ ಲೆಕ್ಕ. ಫಾರ್ಮಸಿ ಓದುತ್ತಿರುವ ಮೊಮ್ಮಗಳು ಎರಡು ಸ್ಟ್ರಿಪ್ಪುಗಳನ್ನೂ ತಿರುವಿ ನೋಡಿ, "ಅಜ್ಜಿ, ಇದನ್ನ ಇದರ ಜೋಡಿ ನುಂಗಬ್ಯಾಡ" ಎಂದು ಕಸಿದುಕೊಂಡಳು. ಕ್ಲಾರಿಥ್ರೊಮೈಸಿನ್ ಡೊಂಪೆರಿಡೋನನ್ನು ಯಕೃತ್ತು ಕರಗಿಸದಂತೆ ತಡೆಯುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಹೃದಯದ ಲಯದ ಮೇಲೆ ಎರಡೂ ಒತ್ತಡ ಹಾಕುತ್ತವೆ. ಎರಿಥ್ರೊಮೈಸಿನ್ನಿಗೂ, ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೊನಜೋಲ್, ಕೀಟೊಕೊನಜೋಲ್‌ಗಳಿಗೂ ಇದೇ ಮಾತು. ಕೂಡಲೇ ಫೋನು ಮಾಡಿದಾಗ ವೈದ್ಯರು ಹೇಳಿದರು: "ನಿಲ್ಲಸ್ರೀ ಅಂತ ಚೀಟಿಯೊಳಗ ಬರದಿದ್ದೆನ್ರಿ." ಬರೆದದ್ದು ಹೌದು. ಚೀಟಿ ಇಂಗ್ಲಿಷಿನಲ್ಲಿತ್ತು, ಅಕ್ಕನಿಗೆ ಕನ್ನಡ ಬರುತ್ತದೆ. ಹಳ್ಳಿಯಿಂದ ಬಂದ ಮುದುಕಿಗೆ ಬಾಯಿಬಿಟ್ಟು ಹೇಳುವುದು ಎರಡು ನಿಮಿಷದ ಮಾತು. ಆಸ್ಪತ್ರೆಗಳಲ್ಲಿ ಆ ಎರಡು ನಿಮಿಷಕ್ಕೇ ಬರಗಾಲ.

ದೀರ್ಘಕಾಲ ನುಂಗುವವರು ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ಆಮ್ಲವನ್ನು ವರ್ಷಗಟ್ಟಲೆ ತಡೆದರೆ ಆಹಾರದೊಳಗಿನ ಬಿ12 ಜೀವಸತ್ವ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹಾಲು ಮೊಸರುಗಳನ್ನು ಬಿಟ್ಟರೆ ಬೇರೆ ಮೂಲವಿಲ್ಲದ ನಮ್ಮಂಥ ಶಾಕಾಹಾರಿಗಳಿಗೆ ಇದು ಸಣ್ಣ ವಿಷಯವಲ್ಲ. ಕೈಕಾಲು ಜೋಮು ಹಿಡಿಯುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ಮೆಗ್ನೀಸಿಯಂ ಕೂಡ ಇಳಿಯಬಹುದು. ಅದು ಇಳಿದಾಗ ಡೊಂಪೆರಿಡೋನಿನ ದೋಷ ಇನ್ನಷ್ಟು ಪ್ರಬಲವಾಗುತ್ತದೆ. ಥೈರಾಯ್ಡ್ ಗುಳಿಗೆ, ಕಬ್ಬಿಣಾಂಶದ ಗುಳಿಗೆಗಳ ಹೀರಿಕೆಯೂ ಕುಂದುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಕ್ಲೊಪಿಡೊಗ್ರೆಲ್ ನುಂಗುವವರಿಗೆ ಒಮೆಪ್ರಜೋಲ್ ಹೊಂದುವುದಿಲ್ಲ. ಹಾಗೆಂದು ಇದನ್ನೋದಿ ನಾಳೆಯೇ ಔಷಧವನ್ನು ಬಿಟ್ಟುಬಿಡಬೇಡಿ. ಬಹುದಿನ ನುಂಗಿದವರು ಥಟ್ಟನೆ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಹೆಚ್ಚಾಗಿ ಉಕ್ಕಿ, ರೋಗ ಮರಳಿತೆಂಬ ಭ್ರಮೆ ಹುಟ್ಟುತ್ತದೆ. ಹುಣ್ಣಾಗಿದ್ದವರಿಗೆ, ದಿನವೂ ಆಸ್ಪಿರಿನ್ ನುಂಗಲೇಬೇಕಾದ ಹೃದಯರೋಗಿಗಳಿಗೆ ಈ ಔಷಧ ರಕ್ಷೆಯಾಗಿಯೇ ಇರುತ್ತದೆ. ಯಾರಿಗೆ ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸಲಿ; ಕೇಳುವ ಧೈರ್ಯ ನಮ್ಮದಾಗಲಿ.

ರಾತ್ರಿ ಊಟವನ್ನು ಮಲಗುವುದಕ್ಕೆ ಮೂರು ತಾಸು ಮೊದಲೇ ಮುಗಿಸಿ, ಮಂಚದ ತಲೆಗಡೆಯ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆಯಿಟ್ಟ ಮೇಲೆ ನನಗೆ ಗುಳಿಗೆಯ ಅಗತ್ಯ ಅಪರೂಪವಾಗಿದೆ. ಎಡಮಗ್ಗುಲಲ್ಲಿ ಮಲಗುವುದೂ ಹಿತ.

ನುಂಗಲು ತೊಡಕು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತದ ಅಥವಾ ಕಾಫಿಪುಡಿಯಂಥ ವಾಂತಿ, ಕಪ್ಪು ಮಲ, ಇವುಗಳಲ್ಲಿ ಒಂದು ಕಂಡರೂ ಅಂಗಡಿಯತ್ತ ನಡೆಯದೆ ಆಸ್ಪತ್ರೆಗೆ ನಡೆಯಬೇಕು. ಎದೆ ಹಿಂಡಿದಂತಾಗಿ, ನೋವು ಎಡತೋಳಿಗೋ ದವಡೆಗೋ ಹಬ್ಬಿ, ಬೆವರು ಬಂದರೆ ಅದನ್ನು ಗ್ಯಾಸೆಂದು ತಿಳಿದು ಗುಳಿಗೆ ನುಂಗಿ ಮಲಗುವುದು ಅತ್ಯಂತ ಅಪಾಯಕರ. ಹಾಗೆ ಮಲಗಿ ಬೆಳಿಗ್ಗೆ ಏಳದವರ ಮನೆಗೆ ನಾನು ಮಾತನಾಡಿಸಲು ಹೋಗಿ ಬಂದಿದ್ದೇನೆ. ಡೊಂಪೆರಿಡೋನ್ ನುಂಗುವವರಿಗೆ ಎದೆ ಬಡಿತ ತಪ್ಪಿದಂತಾದರೆ, ಕಣ್ಣು ಕತ್ತಲೆಗಟ್ಟಿದರೆ, ಅಂದೇ ಇ.ಸಿ.ಜಿ. ಮಾಡಿಸಬೇಕು.

ಅಕ್ಕನ ಕಿಟ್ ಮುಗಿದು, ಎಂಟು ವಾರಗಳ ನಂತರ ಮತ್ತೆ ಎಂಡೋಸ್ಕೋಪಿ ಮಾಡಿದಾಗ ಹುಣ್ಣು ಮಾಯ್ದಿತ್ತು. ರೋಗಾಣು ನಿಜವಾಗಿ ಹೋಗಿದೆಯೇ ಎಂದು ಪರೀಕ್ಷಿಸುವ ಮುಂಚೆ ಆಮ್ಲದ ಗುಳಿಗೆಯನ್ನು ಎರಡು ವಾರ ನಿಲ್ಲಿಸಬೇಕಾಯಿತು. ನಿಲ್ಲಿಸದಿದ್ದರೆ ರೋಗಾಣು ಇದ್ದೂ ಇಲ್ಲವೆಂದು ಬರಬಹುದಂತೆ. ಇಲ್ಲವೆಂದೇ ಬಂದಿತು. ಮೊಣಕಾಲಿಗೆ ಈಗ ಪ್ಯಾರಾಸಿಟಮಾಲ್, ಬಿಸಿನೀರಿನ ಶಾಖ ಮತ್ತು ವ್ಯಾಯಾಮ. ಕೊನೆಯ ಭೇಟಿಯಲ್ಲಿ ವೈದ್ಯರು ಏನಾದರೂ ಕೇಳುವುದಿದೆಯೇ ಎಂದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ರಂಜಕ ತಿನ್ನಬಹುದೇನ್ರಿ?" "ತಿನ್ರಿ ಅಮ್ಮಾರ, ಹೊಟ್ಟಿಗೆ ಹೊಂದೂವಷ್ಟು. ಆದ್ರ ಆ ನೋವಿನ ಗುಳಿಗಿ ಮತ್ತ ಮುಟ್ಟಬ್ಯಾಡ್ರಿ" ಎಂದರಂತೆ.